ಆರ್‌ಎಕ್ಸ್100 ಕಾರ್ಬ್ಯುರೇಟರ್: ಬೌಲ್ ಸ್ಕ್ರೂ ತಲೆ ಸವೆದು ಹೋಗಿದೆ, ಬಿಚ್ಚೋದು ಹೇಗೆ?

ಕಡಲ್ತೀರ_ಟೂಸ್ಟ್ರೋಕ್

ನಮಸ್ಕಾರ. ಗಾಡಿ ಯಮಹಾ ಆರ್‌ಎಕ್ಸ್100, ಕಾರ್ಬ್ಯುರೇಟರ್ ಮಿಕ್‌ಕಾರ್ಬ್ ವಿಎಂ20. ಉಡುಪಿ ಕಡೆ, ಸಮುದ್ರಕ್ಕೆ ತುಂಬಾ ಹತ್ತಿರ. ಮಳೆಗಾಲ ಪೂರ್ತಿ ನಿಂತಿದ್ದ ಗಾಡಿ. ಪೆಟ್ರೋಲ್ ಓವರ್‌ಫ್ಲೋ ಆಗ್ತಾ ಉಂಟು, ಹಾಗಾಗಿ ಫ್ಲೋಟ್ ನೀಡಲ್ (ಫ್ಲೋಟ್ ತೇಲಿ ಮೇಲೆದ್ದಾಗ ಪೆಟ್ರೋಲ್ ತಡೆಯುವ ಸೂಜಿ) ನೋಡ್ಲಿಕ್ಕೆ ಬೌಲ್ (ಅಡಿಯ ಪೆಟ್ರೋಲ್ ಬಟ್ಟಲು) ಬಿಚ್ಚಬೇಕು.

ಬೌಲ್‌ನ ನಾಲ್ಕು ಸ್ಕ್ರೂಗಳಲ್ಲಿ ಎರಡು ಬಂದವು, ಥ್ರೆಡ್ ತುಂಬಾ ಬಿಳಿ ಪುಡಿ. ಮೂರನೆಯದ್ದರ ಸ್ಟಾರ್ (ತಲೆಯ ಪ್ಲಸ್ ಆಕಾರದ ಕುಳಿ) ಗುಂಡಗಾಗಿದೆ, ಸ್ಕ್ರೂಡ್ರೈವರ್ ಸುಮ್ಮನೆ ಸುತ್ತುತ್ತದೆ. ನಾಲ್ಕನೆಯದ್ದರ ತಲೆ ಇನ್ನೂ ಸರಿ ಉಂಟು, ಆದ್ರೆ ಅಲ್ಲಾಡುವುದೇ ಇಲ್ಲ. ಕಾರ್ಬ್ಯುರೇಟರ್ ಗಾಡಿಯಿಂದ ಹೊರಗೆ ತೆಗೆದಾಗಿದೆ.

ಕೈಯಲ್ಲಿರುವುದು: ಮಾಮೂಲಿ 2 ನಂಬರ್ ಸ್ಟಾರ್ ಸ್ಕ್ರೂಡ್ರೈವರ್, ಡಬ್ಲ್ಯುಡಿ-40, ಸಣ್ಣ ಸುತ್ತಿಗೆ, ಕಟಿಂಗ್ ಪ್ಲೇಯರ್, ಡ್ರಿಲ್ ಮೆಷಿನ್. ವೈಸ್ ಇಲ್ಲ. ಒಬ್ಬರು ಇಂಪ್ಯಾಕ್ಟ್ ಸ್ಕ್ರೂಡ್ರೈವರ್ (ಹಿಂದೆ ಹೊಡೆದ್ರೆ ತುದಿ ತಿರುಗುವಂಥದ್ದು) ಹಾಕಿ ಹೊಡೀರಿ ಅಂತಾರೆ, ಇನ್ನೊಬ್ಬರು ಗ್ಯಾಸ್ ಟಾರ್ಚ್ ಹಿಡೀರಿ ಅಂತಾರೆ. ಬಾಡಿ ಒಡೆಯದ ಹಾಗೆ ಯಾವ ಕ್ರಮದಲ್ಲಿ ಮಾಡ್ಬೇಕು, ಹೇಳಿ ಮಾರಾಯ್ರೆ.

ಜೆಟ್‌ನೀಡಲ್

ಮೊದಲು ಟಾರ್ಚ್ ವಿಷಯ ಮುಗಿಸಿಬಿಡೋಣ: ಬೇಡ. ಕಾರ್ಬ್ಯುರೇಟರ್ ಬಾಡಿಗಳು ಡೈಕಾಸ್ಟ್. ಕೆಲವು ಅಲ್ಯೂಮಿನಿಯಂ, ಕೆಲವು ಜಿಂಕ್ ಮಿಶ್ರಲೋಹ. ಜಿಂಕ್ ಆದ್ರೆ 380 ಡಿಗ್ರಿ ಆಸುಪಾಸಿನಲ್ಲೇ ಕರಗೋಕೆ ಶುರು. ಟಾರ್ಚ್ ಜ್ವಾಲೆ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಸ್ಕ್ರೂ ಕೂತಿರೋ ಕಿವಿಯಂಥ ತೆಳು ಭಾಗ ನೋಡನೋಡುತ್ತಲೇ ಕುಸಿಯುತ್ತೆ. ಒಳಗೆ ಉಳಿದ ಪೆಟ್ರೋಲ್ ಬೆಂಕಿ ಹಿಡಿಯೋದು ಬೇರೆ.

ನಿಮ್ಮ ನಾಲ್ಕನೇ ಸ್ಕ್ರೂಗೆ ಸದ್ಯ ಸ್ಕ್ರೂಡ್ರೈವರ್ ಹಾಕಲೇಬೇಡಿ. ತಲೆ ಚೆನ್ನಾಗಿರುವಾಗಲೇ ಅದನ್ನ ಸರಿಯಾಗಿ ತೆಗೆಯೋ ಅವಕಾಶ ಇರೋದು. ಮೂರನೆಯದ್ದು ಹೇಗೂ ಕೆಟ್ಟಿದೆ, ಅದು ಕಾಯಬಹುದು.

ಎಲ್ಲರೂ ತಲೆ ಮೇಲೆ ಸಿಟ್ಟಾಗ್ತಾರೆ. ಹಿಡಿದುಕೊಂಡಿರೋದು ಥ್ರೆಡ್. ಸ್ಟೀಲ್ ಸ್ಕ್ರೂ, ಅಲ್ಯೂಮಿನಿಯಂ ಅಥವಾ ಜಿಂಕ್ ಬಾಡಿ, ನಡುವೆ ಉಪ್ಪು ಗಾಳಿಯ ತೇವ. ಎರಡು ಬೇರೆ ಲೋಹಗಳ ಮಧ್ಯೆ ಉಪ್ಪುನೀರು ಸೇರಿದ್ರೆ ಬೇಗ ಕೊರೆತಕ್ಕೆ ಸಿಗೋ ಲೋಹ, ಇಲ್ಲಿ ಬಾಡಿ, ಕೊರೆದು ಬಿಳಿ ಪುಡಿ ಆಗುತ್ತೆ. ಆ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಥ್ರೆಡ್ ಸಂದಿಯಲ್ಲಿ ಬಿಗಿದು ಕೂತ್ಕೊಳ್ಳುತ್ತೆ. ಥ್ರೆಡ್ ಸಡಿಲ ಮಾಡದೆ ತಲೆ ತಿರುಗಿಸಿದ್ರೆ ಯಾವ ಸ್ಕ್ರೂಡ್ರೈವರ್ ಆದ್ರೂ ಜಾರೋದೇ.

ಆಯಿಲ್: ಡಬ್ಲ್ಯುಡಿ-40 ನಡೆಯುತ್ತೆ, ನಿಜವಾದ ಪೆನೆಟ್ರೇಟಿಂಗ್ ಆಯಿಲ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ತಲೆ ಕಡೆಯಿಂದ ಬಿಟ್ಟರೆ ಸ್ಪ್ರಿಂಗ್ ವಾಷರ್ ದಾಟಿ ಥ್ರೆಡ್ ತನಕ ಹೋಗೋದು ಕಷ್ಟ. ಸ್ಕ್ರೂ ಕಿವಿಯ ಮೇಲ್ಗಡೆ ತೂತು ಆರ್‌ಪಾರ್ ಇದ್ರೆ ಅಲ್ಲಿಂದ ಬಿಡಿ. ಇಲ್ಲದಿದ್ರೆ ಬೌಲ್ ಮತ್ತು ಬಾಡಿ ಸೇರೋ ಗ್ಯಾಸ್ಕೆಟ್ ಸಾಲಿನಲ್ಲಿ, ಆ ಸ್ಕ್ರೂ ಪಕ್ಕದಲ್ಲೇ ಹನಿ ಹನಿ ಬಿಡಿ. ಈಗಾಗಲೇ ಎರಡು ಸ್ಕ್ರೂ ಬಂದಿರೋದ್ರಿಂದ ಗ್ಯಾಸ್ಕೆಟ್ ಸ್ವಲ್ಪ ಸಡಿಲ ಇರುತ್ತೆ. ಒಂದು ರಾತ್ರಿ ಬಿಡಿ, ನಡುವೆ ಎರಡು ಮೂರು ಸಲ ಮತ್ತೆ ಹನಿ. ಅಸಿಟೋನ್ ಮತ್ತು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಸಮ ಸಮ ಬೆರೆಸಿ ಬಿಡೋರೂ ಇದ್ದಾರೆ, ಕೆಲಸ ಮಾಡುತ್ತೆ. ಆದ್ರೆ ಅಸಿಟೋನ್ ಪ್ಲಾಸ್ಟಿಕ್ ಮತ್ತು ಪೇಂಟ್ ತಿನ್ನುತ್ತೆ. ಬೌಲ್ ಇನ್ನೂ ಮುಚ್ಚಿರುವಾಗ ಒಳಗೆ ಫ್ಲೋಟ್ ಇದೆ ಅನ್ನೋದು ನೆನಪಿರಲಿ.

ಶಾಕ್: ಸ್ಕ್ರೂ ತಲೆಯಷ್ಟೇ ಅಗಲದ ಚಪ್ಪಟೆ ತುದಿಯ ಪಂಚ್ ಇಟ್ಟು 100 ರಿಂದ 200 ಗ್ರಾಂ ಸುತ್ತಿಗೆಯಲ್ಲಿ ನೇರ ಹತ್ತು ಹದಿನೈದು ಏಟು. ಮೊಳೆ ಹೊಡೆಯೋ ಏಟಲ್ಲ, ಟಕ್ ಟಕ್ ಅನ್ನೋ ಚುರುಕು ಏಟು. ಬಾಡಿಯನ್ನ ತಲೆಕೆಳಗಾಗಿ ಮರದ ತುಂಡಿನ ಮೇಲೆ ಇಡಿ. ಏಟು ಬೀಳೋ ಕಿವಿಯ ಹಿಂದೆ ಸರಿಯಾಗಿ ಮರದ ಆಸರೆ ಇರಬೇಕು, ಗಾಳಿಯಲ್ಲಿ ಇರಬಾರದು.

ಬಿಸಿ: ರಬ್ಬರ್ ಭಾಗ ಏನಾದ್ರೂ ಹೊರಗಿದ್ರೆ ತೆಗೆದು, ಪೆಟ್ರೋಲ್ ಪೂರ್ತಿ ಬಸಿದು ಒಣಗಿಸಿ, ಕುದಿಯೋ ನೀರನ್ನ ಆ ಮೂಲೆ ಮೇಲೆ ಒಂದೆರಡು ನಿಮಿಷ ನಿಧಾನಕ್ಕೆ ಸುರೀರಿ. ಬಾಣಲೆಯಲ್ಲಿ ಇಟ್ಟು ಕುದಿಸೋರೂ ಇದ್ದಾರೆ, ಅಡುಗೆಮನೆಯಲ್ಲಿ ಒಪ್ಪಿಗೆ ಸಿಕ್ಕಿದ್ರೆ. ಅಲ್ಯೂಮಿನಿಯಂ ಸ್ಟೀಲ್‌ನ ಎರಡು ಪಟ್ಟು ಹಿಗ್ಗುತ್ತೆ, ಜಿಂಕ್ ಅದಕ್ಕಿಂತ ಸ್ವಲ್ಪ ಹೆಚ್ಚು. 4 ಎಂಎಂ ತೂತಿನಲ್ಲಿ, 70 ಡಿಗ್ರಿ ಏರಿದ್ರೆ ಸಿಗೋ ವ್ಯತ್ಯಾಸ 3 ರಿಂದ 4 ಮೈಕ್ರಾನ್ ಅಷ್ಟೇ. ಆದ್ರೆ ಪುಡಿಯ ಹಿಡಿತ ಬಿರುಕು ಬಿಡೋಕೆ ಅಷ್ಟು ಸಾಕು. ಹೀಟ್ ಗನ್ ಇದ್ರೆ ನೀರಿನ ಹನಿ ಚುರ್ ಅನ್ನೋ ತನಕ ಬಿಸಿ ಮಾಡಿ, ಅದಕ್ಕಿಂತ ಹೆಚ್ಚು ಬೇಡ. ಹೊರಗಡೆ, ಪೆಟ್ರೋಲ್ ವಾಸನೆ ಇಲ್ಲದ ಜಾಗದಲ್ಲಿ.

ಇದೆಲ್ಲ ಆದ ಮೇಲೆ ಸ್ಕ್ರೂಡ್ರೈವರ್, ಬಿಸಿ ಆರೋ ಮೊದಲು. ಆದ್ರೆ ನಿಮ್ಮ ಹತ್ರ ಇರೋದು ಬೇಡ.

ಜಪಾನ್ ಮೂಲದ ಗಾಡಿಗಳ ಸ್ಟಾರ್ ಸ್ಕ್ರೂಗಳು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯವು. ನಮ್ಮಲ್ಲಿ ಸಿಗೋ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಫಿಲಿಪ್ಸ್. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ, ಆದ್ರೆ ಫಿಲಿಪ್ಸ್ ತುದಿಯ ರೆಕ್ಕೆಗಳ ಬುಡ ಹೆಚ್ಚು ದುಂಡಗಿರುತ್ತೆ. ಜೆಐಎಸ್ ಸ್ಕ್ರೂ ತಲೆಯ ಕುಳಿಯೊಳಗೆ ಅದು ತಳ ಮುಟ್ಟೋ ಮೊದಲೇ ಸಿಕ್ಕಿಹಾಕ್ಕೊಂಡು ನಿಲ್ಲುತ್ತೆ. ಬಲ ಹಾಕಿದಾಗ ಮೇಲಕ್ಕೆ ಎದ್ದು ಅಂಚು ಕೆರೆಯುತ್ತೆ. ಸ್ಕ್ರೂ ತಲೆ ಮೇಲೆ ಪ್ಲಸ್ ಪಕ್ಕ ಒಂದು ಸಣ್ಣ ಚುಕ್ಕೆ ಗುಂಡಿ ಇದ್ರೆ ಅದು ಜೆಐಎಸ್ ಗುರುತು. ಹಳೇ ಗಾಡಿಯಲ್ಲಿ ಯಾರೋ ಹಾರ್ಡ್‌ವೇರ್ ಅಂಗಡಿ ಸ್ಕ್ರೂ ಹಾಕಿರಬಹುದು, ಆದ್ದರಿಂದ ಚುಕ್ಕೆಯೊಂದನ್ನೇ ನಂಬಬೇಡಿ. ಸ್ಕ್ರೂಡ್ರೈವರ್ ನೆಟ್ಟಗೆ ನಿಲ್ಲಿಸಿ ಅಲ್ಲಾಡಿಸಿ ನೋಡಿ. ಗಡಗಡ ಅಂದ್ರೆ ಅದು ಆ ಸ್ಕ್ರೂಗೆ ಅಲ್ಲ.

ವೆಸೆಲ್ ಕಂಪನಿಯ 2 ನಂಬರ್, 100 ಎಂಎಂ ಉದ್ದದ್ದು ಆನ್‌ಲೈನ್‌ನಲ್ಲಿ ಸಿಗುತ್ತೆ. 2 ನಂಬರ್ ಅಂದ್ರೆ ಎಂ3 ರಿಂದ ಎಂ5 (3 ರಿಂದ 5 ಎಂಎಂ ದಪ್ಪದ) ಸ್ಕ್ರೂಗೆ. ಬೌಲ್ ಸ್ಕ್ರೂ ಎಂ4. ಕ್ರ್ಯಾಂಕ್‌ಕೇಸ್ ಸೈಡ್ ಕವರ್‌ನ ಎಂ6 ಸ್ಕ್ರೂಗಳಿಗೆ 3 ನಂಬರ್ ಬೇಕು. ಅಲ್ಲಿ 2 ನಂಬರ್ ಹಾಕಿ ತಲೆ ಕೆಡಿಸಿರೋದೇ ಜಾಸ್ತಿ. ಸದ್ಯಕ್ಕೆ ತರಿಸೋಕೆ ಆಗಲ್ಲ ಅಂದ್ರೆ ಮಾಮೂಲಿ 2 ನಂಬರ್‌ನ ಚೂಪಾದ ತುದಿಯನ್ನ ಗ್ರೈಂಡಿಂಗ್ ಚಕ್ರದಲ್ಲಿ ಒಂದರ್ಧ ಎಂಎಂ ಚಪ್ಪಟೆ ಮಾಡಿ. ಸ್ವಲ್ಪ ಆಳಕ್ಕೆ ಕೂರುತ್ತೆ. ತುದಿ ನೀಲಿ ಬಣ್ಣಕ್ಕೆ ತಿರುಗದ ಹಾಗೆ ಆಗಾಗ ನೀರಲ್ಲಿ ಅದ್ದಿ, ಇಲ್ಲಾಂದ್ರೆ ಮೆತ್ತಗಾಗುತ್ತೆ.

ತುದಿಗೆ ಚೂರು ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ. ಸ್ಕ್ರೂ ಕುಳಿಯಲ್ಲಿರೋ ಮಣ್ಣು, ಪೇಂಟು ಮೊದಲು ಸೂಜಿಯಿಂದ ಕೆದಕಿ. ಒತ್ತೋದು 7 ಪಾಲು, ತಿರುಗಿಸೋದು 3 ಪಾಲು, ಜಪಾನಿನಲ್ಲಿ ಕಲಿಸೋ ಲೆಕ್ಕ ಇದೇ. ಮೈಭಾರ ಹಾಕಿ ಒತ್ತಿ, ಮೊದಲು ಬಿಗಿ ಮಾಡೋ ಕಡೆಗೆ ಒಂದು ಕೂದಲೆಳೆ, ಆಮೇಲೆ ಬಿಚ್ಚೋ ಕಡೆಗೆ. ಒಂದು ಸಲ ಜಾರಿತೋ, ನಿಲ್ಲಿಸಿ. ಮತ್ತೆ ಆಯಿಲ್, ಏಟು, ಬಿಸಿ. ಎರಡನೇ ಸಲ ಜಾರೋಕೆ ಬಿಟ್ಟರೆ ಮೂರನೇ ಸ್ಕ್ರೂ ಪಕ್ಕದಲ್ಲೇ ಇದೂ ಕೂರುತ್ತೆ.

ಅಲ್ಲಾಡಿದ ಮೇಲೂ ಒಂದೇ ಸಮ ಬಿಚ್ಚಬೇಡಿ. ಕಾಲು ಸುತ್ತು ಹಿಂದೆ, ಅದರ ಅರ್ಧದಷ್ಟು ಮುಂದೆ, ಆಯಿಲ್, ಮತ್ತೆ. ಪುಡಿ ಹೊರಗೆ ಬರದಿದ್ರೆ ಮಧ್ಯದಲ್ಲೇ ಕಚ್ಚಿ ಸ್ಕ್ರೂ ಮುರಿಯುತ್ತೆ.

ರಬ್ಬರ್ ಬ್ಯಾಂಡ್ ಇಟ್ಟು ಒತ್ತೋ ವಿಡಿಯೋಗಳನ್ನ ಮರೆತುಬಿಡಿ. ಮರದ ಕಪಾಟಿನ ಸ್ಕ್ರೂಗೆ ಸರಿ. ಫೆವಿಕ್ವಿಕ್‌ನಿಂದ ಅಂಟಿಸೋದೂ ಅಷ್ಟೇ.

ಲೇತ್‌ಮನೆ

ಮೇಲಿನದ್ದು ನಾಲ್ಕನೆಯದ್ದಕ್ಕೆ ಸರಿ. ತಲೆ ಹೋದ ಮೂರನೆಯದ್ದಕ್ಕೆ ಬರ್ತೀನಿ.

ನಿಮ್ಮ ಅದೃಷ್ಟಕ್ಕೆ ಬೌಲ್ ಸ್ಕ್ರೂಗಳ ತಲೆ ಹೊರಗೆ ಎದ್ದಿರೋ ದುಂಡು ತಲೆ, ಒಳಗೆ ಹುದುಗಿದ್ದಲ್ಲ. 7-8 ಎಂಎಂ ಅಗಲ, ಎರಡೂವರೆ ಎಂಎಂ ಎತ್ತರ. ಪಕ್ಕದಿಂದ ಹಿಡಿಯೋಕೆ ಅಷ್ಟು ಧಾರಾಳ. ಕಟಿಂಗ್ ಪ್ಲೇಯರ್‌ನಲ್ಲಿ ಆಗಲ್ಲ, ಕೈ ಬಿಗಿತ ಸಾಲದೆ ತಲೆ ಸುತ್ತ ಕೆರೆಯುತ್ತೆ. ಸಣ್ಣ ವೈಸ್ ಗ್ರಿಪ್ (ಹಿಡಿದ ಮೇಲೆ ಲಾಕ್ ಆಗೋ ಪ್ಲೇಯರ್) ತಗೊಳ್ಳಿ, 5 ಇಂಚಿನದ್ದು. ಬಾಯಿಯ ತುದಿ ಹಲ್ಲು ಸವೆದಿರಬಾರದು. ಸ್ಕ್ರೂ ತಲೆಯ ಎರಡು ಬದಿಗೆ ಅರದಿಂದ ಸಣ್ಣ ಚಪ್ಪಟೆ ಮಾಡಿಕೊಂಡರೆ ಇನ್ನೂ ಗಟ್ಟಿ ಹಿಡಿಯುತ್ತೆ. ಸವೆದ ಸ್ಕ್ರೂ ತೆಗೆಯೋಕೆ ಅಂತಲೇ ಬಾಯಿಯ ತುದಿಯಲ್ಲಿ ನೆಟ್ಟಗೆ ಹಲ್ಲು ಇರೋ ಜಪಾನಿ ಪ್ಲೇಯರ್ ಕೂಡ ಬರುತ್ತೆ, ಇಂಜಿನಿಯರ್ ಕಂಪನಿಯ ಪಿಝಡ್-58. ವರ್ಷಕ್ಕೆ ನಾಲ್ಕು ಹಳೇ ಗಾಡಿ ಬಿಚ್ಚೋರಿಗೆ ದುಡ್ಡು ಹಾಕಿದ್ದಕ್ಕೆ ಮೋಸ ಇಲ್ಲ.

ಆಕ್ಸಾ ಬ್ಲೇಡ್‌ನಿಂದ ತಲೆ ಮೇಲೆ ಗೀರು ಹಾಕಿ ಫ್ಲಾಟ್ ಸ್ಕ್ರೂಡ್ರೈವರ್ ಇಡೋ ಉಪಾಯ ಎಲ್ಲರಿಗೂ ಗೊತ್ತು. ಈ ಸೈಜಿನಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಪ್ಲಸ್ ಕುಳಿ ಈಗಾಗಲೇ ನಡುವಿನ ಲೋಹ ತಿಂದಿದೆ, ಗೀರು ಬಿದ್ದ ಮೇಲೆ ಉಳಿಯೋದು ಎರಡು ತೆಳು ತುಂಡು. ತಿರುಗಿಸಿದ್ರೆ ಒಂದು ಚಿಪ್ಪು ಎದ್ದು ಹೋಗುತ್ತೆ. ಬ್ಲೇಡ್ ಬೌಲ್ ಅಂಚಿಗೂ ಗೀರು ಹಾಕುತ್ತೆ.

ವೈಸ್ ಗ್ರಿಪ್‌ಗೂ ಬರಲಿಲ್ಲ ಅಂದ್ರೆ ತಲೆ ಕೊರೆದು ಹಾಕಿ. ಜನ ಇದನ್ನ ಕೊನೇ ಉಪಾಯ ಅಂತ ಹೆದರ್ತಾರೆ, ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಕಡಿಮೆ ಅಪಾಯದ್ದು. ಬಾಡಿ ಮೇಲೆ ಬಲವೇ ಬೀಳಲ್ಲ.

ಪ್ಲಸ್ ಕುಳಿಯೇ ಡ್ರಿಲ್ ಬಿಟ್‌ಗೆ ನಡುಗುಂಡಿ. ಸವೆದು ಒಂದು ಕಡೆಗೆ ಜರುಗಿದ್ರೆ ಸೆಂಟರ್ ಪಂಚ್‌ನಿಂದ ಒಂದು ಗುರುತು ಹೊಡೀರಿ. ಮೊದಲು 2.5 ಎಂಎಂ ಬಿಟ್, ಆಮೇಲೆ 4 ಎಂಎಂ. ತುದಿಯಿಂದ 3 ಎಂಎಂ ದೂರದಲ್ಲಿ ಬಿಟ್‌ಗೆ ಟೇಪ್ ಸುತ್ತಿ, ಅದಕ್ಕಿಂತ ಆಳ ಹೋಗೋದು ಬೇಕಿಲ್ಲ. ಸ್ಪೀಡ್ ಕಡಿಮೆ, ಒಂದು ಹನಿ ಆಯಿಲ್, ಬಿಟ್ ನೆಟ್ಟಗೆ. ಬಿಟ್ ಸ್ಕ್ರೂನ ದಂಡದ ದಪ್ಪಕ್ಕೆ ಬಂದ ಕೂಡಲೇ ತಲೆ ಉಂಗುರದ ಥರ ಬಿಟ್ ಜೊತೆ ಎದ್ದು ಸುತ್ತೋಕೆ ಶುರು ಮಾಡುತ್ತೆ, ವಾಷರ್ ಕೂಡ. ಅಲ್ಲಿಗೆ ನಿಲ್ಲಿಸಿ. 4.5 ಹಾಕೋ ಆಸೆ ಬೇಡ, ಬೌಲ್ ಕಿವಿಯ ತೂತನ್ನೇ ಹಿಗ್ಗಿಸುತ್ತೆ. ಎಡಸುತ್ತಿನ ಡ್ರಿಲ್ ಬಿಟ್ ಸಿಕ್ಕಿದ್ರೆ ಡ್ರಿಲ್ ಮೆಷಿನ್ ರಿವರ್ಸ್‌ನಲ್ಲಿ ಹಾಕಿ. ಎಷ್ಟೋ ಸಲ ಕೊರೀತಾ ಕೊರೀತಾ ಸ್ಕ್ರೂ ತಾನೇ ಬಿಚ್ಚಿಕೊಂಡು ಹೊರಗೆ ಬರುತ್ತೆ.

ಈಗ ನಾಲ್ಕನೆಯದ್ದೂ ಬಂದಿದ್ರೆ ಬೌಲ್ ಎತ್ತಬಹುದು. ಗ್ಯಾಸ್ಕೆಟ್ ಅಂಟಿದ್ರೆ ಸಂದಿಗೆ ಸ್ಕ್ರೂಡ್ರೈವರ್ ತೂರಿಸಬೇಡಿ. ಆ ಮುಖಕ್ಕೆ ಗೀರು ಬಿದ್ರೆ ಹೊಸ ಗ್ಯಾಸ್ಕೆಟ್ ಹಾಕಿದ್ರೂ ಪೆಟ್ರೋಲ್ ಜಿನುಗುತ್ತೆ. ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಬೌಲ್ ಪಕ್ಕಕ್ಕೆ ಸುತ್ತಲೂ ತಟ್ಟಿ.

ಬೌಲ್ ಬಂದ ಮೇಲೆ ಬಾಡಿಯಿಂದ ಕಿವಿಯ ದಪ್ಪದಷ್ಟು ದಂಡ ಹೊರಗೆ ನಿಂತಿರುತ್ತೆ. ತಲೆ ಹೋದ ಕೂಡಲೇ ಸ್ಕ್ರೂ ಮೇಲಿನ ಎಳೆತ ಇಳಿಯುತ್ತೆ, ಅರ್ಧ ಬಿಗಿತ ಅದೇ ಆಗಿತ್ತು. ಥ್ರೆಡ್ ಬುಡಕ್ಕೆ ಈಗ ಆಯಿಲ್ ನೇರ ಹೋಗುತ್ತೆ. ಕುದಿಯೋ ನೀರು, ವೈಸ್ ಗ್ರಿಪ್, ಹಿಂದೆ ಮುಂದೆ. ಬಹುಮಟ್ಟಿಗೆ ಇಲ್ಲಿಗೆ ಕಥೆ ಮುಗಿಯುತ್ತೆ.

ದಂಡ ಬುಡಕ್ಕೇ ಮುರಿದ್ರೆ ಒಂದು ಮಾತು ಕೇಳಿ: ಎಂ4ಗೆ ಈಸಿ-ಔಟ್ (ಮುರಿದ ಸ್ಕ್ರೂ ಒಳಗೆ ಕಚ್ಚಿಸಿ ತಿರುಗಿಸಿ ತೆಗೆಯೋ ಕಡ್ಡಿ) ಹಾಕಬೇಡಿ. ಅದಕ್ಕೆ ಕೊರೆಯೋ ತೂತೇ 2 ರಿಂದ 2.5 ಎಂಎಂ, ಅದರೊಳಗೆ ಹೋಗೋ ಈಸಿ-ಔಟ್ ಕಡ್ಡಿ ತೆಳ್ಳಗೆ, ಗಟ್ಟಿ ಹದ ಕೊಟ್ಟ ಸ್ಟೀಲು. ತುಕ್ಕು ಹಿಡಿದ ಸ್ಕ್ರೂಗಿಂತ ಮೊದಲು ಅದೇ ಪಟ್ ಅನ್ನುತ್ತೆ. ಆಮೇಲೆ ಅದನ್ನ ಯಾವ ಸಾದಾ ಡ್ರಿಲ್ ಬಿಟ್ಟೂ ಕೊರೆಯಲ್ಲ. ಲೇತ್ ಅಂಗಡಿಗೆ ಬರೋ ಕಾರ್ಬ್ಯುರೇಟರ್‌ಗಳಲ್ಲಿ ತಲೆನೋವು ಕೊಡೋದು ಮುರಿದ ಸ್ಕ್ರೂ ಅಲ್ಲ, ಅದರೊಳಗೆ ಮುರಿದ ಈಸಿ-ಔಟ್. ಬುಡಕ್ಕೆ ಮುರಿದ್ರೆ ಹಾಗೇ ತಗೊಂಡು ಹೋಗಿ. ಅವರು ಬಾಡಿಯನ್ನ ನೆಟ್ಟಗೆ ಕಟ್ಟಿ, ಸರಿಯಾದ ನಡು ಹಿಡಿದು 3.3 ಎಂಎಂ ತನಕ ಕೊರೆದು ಎಂ4 × 0.7 ಟ್ಯಾಪ್ (ಥ್ರೆಡ್ ಕೊರೆಯೋ ಟೂಲ್) ಹಾಯಿಸಿದ್ರೆ ಹಳೇ ಥ್ರೆಡ್ಡೇ ಸಿಗುತ್ತೆ. ಕೈಯಲ್ಲಿ ಹಿಡಿದ ಡ್ರಿಲ್‌ನಲ್ಲಿ ಬಿಟ್ ಗಟ್ಟಿ ಸ್ಟೀಲ್ ಬಿಟ್ಟು ಮೆತ್ತನೆ ಬಾಡಿ ಕಡೆಗೇ ಜಾರೋದು.

ಸೈಡ್‌ಕವರ್

ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಬಗ್ಗೆ ಯಾರೂ ಮಾತೇ ಆಡಲಿಲ್ಲವಲ್ಲ ಗುರು. ಗ್ಯಾರೇಜ್‌ನಲ್ಲಿ ದಿನಾ ನಡೆಯೋದು ಅದರಿಂದಲೇ. ಸರಿಯಾದ ಬಿಟ್ ಹಾಕಿ ಒಂದು ಏಟು, ಸ್ಕ್ರೂ ಸಡಿಲ. ಆಯಿಲ್, ನೀರು, ರಾತ್ರಿ ಪೂರ್ತಿ ಅಂತ ಕೂತ್ರೆ ಗಾಡಿ ಯಾವಾಗ ರೋಡಿಗೆ ಬರೋದು?

ಜೆಟ್‌ನೀಡಲ್

ಸೈಡ್ ಕವರ್‌ಗೆ ಅದಕ್ಕಿಂತ ಒಳ್ಳೇ ಟೂಲ್ ಇಲ್ಲ, ಒಪ್ಪಿದೆ. ಅಲ್ಲಿ ಎಂ6 ಸ್ಕ್ರೂ, ಹಿಂದೆ ದಪ್ಪ ಕ್ರ್ಯಾಂಕ್‌ಕೇಸ್, ಇಡೀ ಇಂಜಿನ್ ಭಾರ. ಏಟಿನ ಬಲ ಎಲ್ಲ ಸ್ಕ್ರೂಗೇ ಹೋಗುತ್ತೆ. ಕಾರ್ಬ್ಯುರೇಟರ್ ಬೌಲ್‌ನ ಕಿವಿ ಕೆಲವೇ ಎಂಎಂ ದಪ್ಪ. ಅರ್ಧ ಇಂಚು ಡ್ರೈವ್‌ನ ಇಂಪ್ಯಾಕ್ಟ್ ಇಟ್ಟು ಒಂದು ಕೆಜಿ ಸುತ್ತಿಗೆಯಲ್ಲಿ ಹೊಡೆದ್ರೆ ಸ್ಕ್ರೂ ತಿರುಗೋ ಮೊದಲು ಕಿವಿ ಕಿತ್ತು ಬರುತ್ತೆ. ಡೈಕಾಸ್ಟ್ ಏಟಿಗೆ ಬಾಗಲ್ಲ, ನೇರ ಒಡೆಯುತ್ತೆ. ಗಾಡಿಯಲ್ಲೇ ಇಟ್ಟು ಹೊಡೆದ್ರೆ ಇನ್ನೊಂದು ತಮಾಷೆ: ರಬ್ಬರ್ ಜಾಯಿಂಟ್ ಏಟನ್ನ ನುಂಗುತ್ತೆ, ಸ್ಕ್ರೂಗೆ ಏನೂ ಸಿಗಲ್ಲ, ಜಾಯಿಂಟ್ ಬಿರುಕು ಬಿಟ್ಟು ಏರ್ ಲೀಕ್ ಶುರು.

ಇಂಪ್ಯಾಕ್ಟ್ ಬೇಕೇ ಬೇಕು ಅಂದ್ರೆ ವೆಸೆಲ್‌ನದ್ದೇ ಒಂದು ಬರುತ್ತೆ, ನೋಡೋಕೆ ಸಾದಾ ಸ್ಕ್ರೂಡ್ರೈವರ್, ಹಿಡಿಯ ಹಿಂದೆ ಹೊಡೆದ್ರೆ ತುದಿ ಬಿಚ್ಚೋ ಕಡೆಗೆ ಚೂರು ತಿರುಗುತ್ತೆ. ಇಂಪ್ಯಾಕ್ಟಾ 980. ಸಣ್ಣ ಸುತ್ತಿಗೆ ಸಾಕು, ಬಾಡಿ ಮರದ ಮೇಲೆ ಇರಬೇಕು. ಬಿಗಿ ಮಾಡೋಕೆ ಅದು ಕೆಲಸಕ್ಕೆ ಬರಲ್ಲ.

ಸೈಡ್‌ಕವರ್

ಅರ್ಧ ಇಂಚಿನದ್ದು ಬೌಲ್‌ಗೆ ಜಾಸ್ತಿ ಆಯ್ತು, ಸರಿ. ಆದ್ರೆ ತಲೆ ಚೆನ್ನಾಗಿರೋ ಸ್ಕ್ರೂಗೆ ಮಾತ್ರ ಈ ಸಣ್ಣದ್ದು. ಸವೆದ ತಲೆಗೆ ಹೊಡೆದ್ರೆ ಇನ್ನಷ್ಟು ಗುಂಡಗಾಗುತ್ತೆ, ಅದನ್ನೂ ಬರೀರಿ.

ಕಡಲ್ತೀರ_ಟೂಸ್ಟ್ರೋಕ್

ತುಂಬಾ ಉಪಕಾರ. ನಾಲ್ಕನೆಯದ್ದು ಬಿಸಿನೀರು ಮತ್ತು ವೆಸೆಲ್ 2 ನಂಬರ್‌ಗೆ ಬಂತು. ಮೂರನೆಯದ್ದು ವೈಸ್ ಗ್ರಿಪ್‌ಗೆ ಬರ್ಲಿಲ್ಲ, 4 ಎಂಎಂ ಬಿಟ್‌ನಲ್ಲಿ ತಲೆ ಕೊರೆದೆ, ಉಳಿದ ದಂಡ ಬಿಸಿನೀರಿನ ನಂತರ ಸಲೀಸಾಗಿ ಬಂತು. ಬಾಡಿ ಥ್ರೆಡ್‌ನಲ್ಲಿ ಎರಡು ಸುತ್ತು ಮೇಲ್ಗಡೆ ಸ್ವಲ್ಪ ಪುಡಿ ಆಗಿದೆ, ಕೆಳಗೆ ಸರಿ ಉಂಟು.

ಈಗ ಇನ್ನೆರಡು. ಪೈಲಟ್ ಜೆಟ್‌ನ (ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ತಿರುಪು) ಗೀರು ಯಾರೋ ಮೊದಲೇ ಕೆಡಿಸಿದ್ದಾರೆ, ಆಳದ ತೂತಿನೊಳಗೆ ಉಂಟು, ಬರ್ತಾ ಇಲ್ಲ. ಏರ್ ಸ್ಕ್ರೂ (ಐಡ್ಲಿಂಗ್ ಗಾಳಿ ಹೊಂದಿಸುವ ಸ್ಕ್ರೂ) ಕೂಡ ಬಿಗಿ. ಮತ್ತೆ ಬೌಲ್‌ಗೆ ಯಾವ ಸ್ಕ್ರೂ ಹಾಕುವುದು? ಸ್ಟೇನ್‌ಲೆಸ್ ಅಲೆನ್ ಹಾಕ್ಬಹುದಾ?

ಜೆಟ್‌ನೀಡಲ್

ಪೈಲಟ್ ಜೆಟ್ ಹಿತ್ತಾಳೆ. ಮೆತ್ತಗೆ, ಆದ್ರಿಂದ ಒಂದು ಅವಕಾಶ ಅಷ್ಟೇ. ಗೀರು ಕೆಡೋದು ತೆಳ್ಳನೆ ಸ್ಕ್ರೂಡ್ರೈವರ್‌ನಿಂದ. ಗೀರಿನ ಅಗಲ, ದಪ್ಪ ಎರಡಕ್ಕೂ ಸರಿಹೋಗೋ ಫ್ಲಾಟ್ ಬೇಕು, ತೂತಿನ ಗೋಡೆಗೆ ತಾಗಬಾರದು. ಹಳೇ ಫ್ಲಾಟ್ ಸ್ಕ್ರೂಡ್ರೈವರ್ ಒಂದನ್ನ ಗ್ರೈಂಡ್ ಮಾಡಿ ಆ ಜೆಟ್‌ಗೆ ಅಂತಲೇ ತಯಾರು ಮಾಡಿ. ಮಾಮೂಲಿ ಫ್ಲಾಟ್‌ನ ತುದಿ ಆಪಿನ ಆಕಾರದಲ್ಲಿರುತ್ತೆ, ತಿರುಗಿಸಿದ್ರೆ ಮೇಲಕ್ಕೆ ಎದ್ದು ಬರುತ್ತೆ. ಕೊನೆಯ 3 ಎಂಎಂ ಎರಡೂ ಬದಿ ಸಮಾನಾಂತರ ಇರೋ ಹಾಗೆ ಉಜ್ಜಿ.

ಆ ತುದಿಯನ್ನ ಜೆಟ್ ಗೀರಿನ ಜಾಗದಲ್ಲಿ ಇಟ್ಟು ಸಣ್ಣ ಸುತ್ತಿಗೆಯಲ್ಲಿ ನಾಲ್ಕೈದು ಮೆತ್ತನೆ ಏಟು. ಹಿತ್ತಾಳೆಯಲ್ಲಿ ಗೀರು ಮತ್ತೆ ಮೂಡುತ್ತೆ, ಶಾಕ್ ಕೂಡ ಸಿಗುತ್ತೆ. ಫ್ಲೋಟ್, ನೀಡಲ್, ರಬ್ಬರ್ ಎಲ್ಲ ತೆಗೆದು ಬಾಡಿಯನ್ನ ಕುದಿಯೋ ನೀರಲ್ಲಿ ಐದು ನಿಮಿಷ ಇಟ್ಟು, ಬಟ್ಟೆಯಲ್ಲಿ ಹಿಡಿದು ಬಿಸಿಯಲ್ಲೇ ತಿರುಗಿಸಿ. ಹಿತ್ತಾಳೆ ಸ್ಟೀಲ್‌ಗಿಂತ ಜಾಸ್ತಿ ಹಿಗ್ಗೋದ್ರಿಂದ ಬಾಡಿ ಜೊತೆ ವ್ಯತ್ಯಾಸ ಕಡಿಮೆ. ಹಾಗಾಗಿ ಸ್ಕ್ರೂಗೆ ಸಿಕ್ಕಷ್ಟು ಫಲ ಬಿಸಿಯಿಂದ ಜೆಟ್‌ಗೆ ಸಿಗಲ್ಲ. ಜೆಟ್ ಹಿಡಿದಿರೋದು ಸಾಮಾನ್ಯವಾಗಿ ಒಣಗಿದ ಪೆಟ್ರೋಲ್‌ನ ಅಂಟು. ಅದಕ್ಕೆ ಕಾರ್ಬ್ಯುರೇಟರ್ ಕ್ಲೀನರ್‌ನಲ್ಲಿ ಒಂದು ದಿನ ನೆನೆಸೋದು ಜಾಸ್ತಿ ಕೆಲಸ ಮಾಡುತ್ತೆ. ಅಲ್ಟ್ರಾಸಾನಿಕ್ ಕ್ಲೀನರ್ ಇರೋ ಗ್ಯಾರೇಜ್ ಗೊತ್ತಿದ್ರೆ ಇನ್ನೂ ಒಳ್ಳೇದು.

ಆಗಲಿಲ್ಲ ಅಂದ್ರೆ ಜೆಟ್ ನಡುವಿನ ತೂತಿಗೇ ಎಡಸುತ್ತಿನ ಸಣ್ಣ ಬಿಟ್ಟು, ಪಿನ್ ವೈಸ್‌ನಲ್ಲಿ (ಸಣ್ಣ ಬಿಟ್ ಹಿಡಿಯೋ ಕೈ ಹಿಡಿಕೆ) ಕಟ್ಟಿ ಕೈಯಲ್ಲೇ ತಿರುಗಿಸಿ, ಮೆಷಿನ್ ಬೇಡ. ಕಚ್ಚಿದ ಕೂಡಲೇ ಜೆಟ್ ಬಿಚ್ಚಿಕೊಳ್ಳುತ್ತೆ. ಆ ಜೆಟ್ ಮತ್ತೆ ಹಾಕೋ ಹಾಗಿಲ್ಲ. ತಲೆ ಮೇಲಿನ ನಂಬರ್ ಮೊದಲೇ ಓದಿ ಬರೆದಿಟ್ಟುಕೊಳ್ಳಿ, ಕೊರೆದ ಮೇಲೆ ಓದೋಕೆ ಏನೂ ಉಳಿದಿರಲ್ಲ. ಜೆಟ್‌ನ ತಳ ದಾಟಿ ಆಳಕ್ಕೆ ಹೋಗಬೇಡಿ, ಅಲ್ಲಿಂದ ಮುಂದೆ ಬಾಡಿಯ ದಾರಿ. ಅದಕ್ಕೆ ಗಾಯ ಆದ್ರೆ ಐಡ್ಲಿಂಗ್ ಯಾವತ್ತೂ ಸರಿ ಕೂರಲ್ಲ.

ಏರ್ ಸ್ಕ್ರೂಗೆ ಆತುರ ಬೇಡ. ತುದಿ ಸೂಜಿಯಂತೆ ಸಣ್ಣ. ಅದು ಬಾಡಿಯೊಳಗೆ ಮುರಿದ್ರೆ ಸೂಜಿ ತೂತು ಮುಚ್ಚಿ ಕಾರ್ಬ್ಯುರೇಟರ್ ಮೂಲೆಗೆ ಹೋಗುತ್ತೆ. ಸ್ಪ್ರಿಂಗ್ ಸುತ್ತಲೂ ಆಯಿಲ್ ಬಿಡಿ, ಬಿಸಿನೀರು. ಮೊದಲು ಬಿಚ್ಚೋ ಕಡೆಗೆ ಮಾತ್ರ ತಿರುಗಿಸಿ. ಸಡಿಲ ಆಯ್ತು ಅಂತ ಗ್ಯಾರಂಟಿ ಆದ ಮೇಲೆ ಒಳಗೆ ಮೆಲ್ಲಗೆ ಕೂರಿಸಿ ಸುತ್ತು ಎಣಿಸಿ. ಬಿಗಿ ಇದ್ದಾಗ ಎಣಿಕೆಗೆ ಅಂತ ಒಳಗೆ ತಿರುಗಿಸಿದ್ರೆ ಕೂತಿತಾ ಸಿಕ್ಕಿಕೊಂಡಿತಾ ಗೊತ್ತಾಗಲ್ಲ, ತುದಿ ಮಾತ್ರ ಒತ್ತಿ ಅಗಲ ಆಗಿರುತ್ತೆ.

ಲೇತ್‌ಮನೆ

ಸ್ಕ್ರೂ ವಿಷಯ. ಬಂದ ಹಳೇ ಸ್ಕ್ರೂ ಉದ್ದ ಅಳೆಯಿರಿ, ತಲೆ ಬಿಟ್ಟು. ಅದಕ್ಕಿಂತ ಉದ್ದದ್ದು ಹಾಕಿದ್ರೆ, ತೂತು ಕುರುಡು ತೂತಾಗಿದ್ರೆ (ಆಚೆ ತೆರೆಯದ್ದು), ತಳ ಮುಟ್ಟಿ ನಿಲ್ಲುತ್ತೆ. ಬಿಗಿ ಆದ ಹಾಗೆ ಕೈಗೆ ಅನ್ಸುತ್ತೆ, ಬೌಲ್ ಒತ್ತಿರಲ್ಲ. ಇನ್ನೂ ತಿರುಗಿಸಿದ್ರೆ ಥ್ರೆಡ್ ಕಿತ್ತು ಬರುತ್ತೆ. ಕಡಿಮೆ ಉದ್ದವೂ ಬೇಡ, ಅಲ್ಯೂಮಿನಿಯಂ ಒಳಗೆ ಎಂ4 ಸ್ಕ್ರೂ ಕನಿಷ್ಠ 6 ಎಂಎಂ ಕಚ್ಚಿರಬೇಕು. ನಿಮ್ಮ ಆ ಪುಡಿಯಾದ ಮೂಲೆಗೆ ಎಂ4 × 0.7 ಟ್ಯಾಪ್ ಕೈಯಲ್ಲಿ ಮೆಲ್ಲಗೆ ಹಾಯಿಸಿ ಪುಡಿ ತೆಗೆಯಿರಿ. ತೂತಿನ ತಳದಲ್ಲಿ ಆಯಿಲ್ ನಿಂತಿದ್ರೆ ಒರೆಸಿ.

ಅಲೆನ್ ಸ್ಟೇನ್‌ಲೆಸ್ ಹಾಕಬಹುದು, 3 ಎಂಎಂ ಎಲ್-ಕೀ ಬೀಳುತ್ತೆ, ಮುಂದಿನ ಸಲ ತಲೆ ಸವೆಯೋ ಭಯ ಇಲ್ಲ. ಬೆಂಗಳೂರಲ್ಲಿ ಇದ್ದಿದ್ರೆ ಎಸ್‌ಪಿ ರೋಡ್‌ನಲ್ಲಿ ಬಿಡಿ ಬಿಡಿ ಸಿಗ್ತಿತ್ತು, ನಿಮ್ಮಲ್ಲೂ ದೊಡ್ಡ ಬೋಲ್ಟ್ ಅಂಗಡಿಯಲ್ಲಿ ಎ2 ಗ್ರೇಡ್ ಅಂತ ಕೇಳಿ. ಆದ್ರೆ ಎರಡು ಎಚ್ಚರ. ಒಂದು, ಸ್ಟೇನ್‌ಲೆಸ್ ತುಕ್ಕು ಹಿಡಿಯಲ್ಲ ಅಂತ ಏನೂ ಹಚ್ಚದೆ ಹಾಕಬೇಡಿ. ಉಪ್ಪು ಗಾಳಿಯಲ್ಲಿ ಅಲ್ಯೂಮಿನಿಯಂ, ಜಿಂಕ್ ಜೊತೆ ಸ್ಟೇನ್‌ಲೆಸ್ ಸೇರಿದ್ರೆ ತಿನ್ನಿಸಿಕೊಳ್ಳೋದು ಬಾಡಿ. ಸಮುದ್ರದ ಹತ್ರ ಇರೋ ನಿಮಗೆ ಇದು ನೇರ ಅನ್ವಯ. ಥ್ರೆಡ್‌ಗೆ ಆಂಟಿ-ಸೀಜ್ (ಥ್ರೆಡ್ ಕಚ್ಚದಂತೆ ತಡೆಯೋ ಪೇಸ್ಟ್) ಕಡ್ಡಿ ತುದಿಯಷ್ಟು ಹಚ್ಚಿ, ಇಲ್ಲದಿದ್ರೆ ಮಾಮೂಲಿ ಗ್ರೀಸ್ ಆದ್ರೂ. ಎರಡು, ಎಲ್-ಕೀಗೆ ಉದ್ದ ಕೈ ಇರುತ್ತೆ. ಸ್ಟಾರ್ ಸ್ಕ್ರೂಡ್ರೈವರ್ ಜಾರಿ ಬಾಡಿಯನ್ನ ಉಳಿಸ್ತಿತ್ತು, ಎಲ್-ಕೀ ಜಾರಲ್ಲ, ಬಾಡಿ ಥ್ರೆಡ್ ಕಿತ್ತೇ ನಿಲ್ಲೋದು. ಎಂ4ಗೆ ಸುಮಾರು 2 ನ್ಯೂಟನ್-ಮೀಟರ್ ಸಾಕು. ಎಲ್-ಕೀಯ ಗಿಡ್ಡ ಕೈ ಹಿಡಿದು ಎರಡು ಬೆರಳಲ್ಲಿ ನಿಲ್ಲೋ ತನಕ, ಆಮೇಲೆ ಚೂರು. ಮೂಲೆಯಿಂದ ಎದುರು ಮೂಲೆಗೆ, ಎರಡು ಮೂರು ಸುತ್ತಿನಲ್ಲಿ.

ಟ್ಯಾಪ್ ಹಾಯಿಸಿದ ಮೇಲೂ ಆ ಮೂಲೆ ಬಿಗಿ ಹಿಡಿಯಲಿಲ್ಲ ಅಂದ್ರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರೋ ತಂತಿ ಸುರುಳಿ) ಹಾಕಿಸಿ. 4.1 ಅಥವಾ 4.2 ಎಂಎಂ ಕೊರೆದು, ಹೆಲಿಕಾಯಿಲ್‌ನದ್ದೇ ಬೇರೆ ಟ್ಯಾಪ್ ಹಾಕಬೇಕು, ಮಾಮೂಲಿ ಎಂ5 ಟ್ಯಾಪ್ ಅಲ್ಲ. ಆ ಟ್ಯಾಪ್‌ನ ಹೊರ ಅಳತೆ ಹತ್ತಿರ ಹತ್ತಿರ 5 ಎಂಎಂ, ಹಾಗಾಗಿ ಕಿವಿಯ ಗೋಡೆ ಸುತ್ತಲೂ ಒಂದೂವರೆ ಎಂಎಂ ಆದ್ರೂ ಉಳಿಯುತ್ತಾ ಮೊದಲು ನೋಡಿ. ಕಾಯಿಲ್ ಕೂತ ಮೇಲೆ ಅದರ ತಳದ ಸಣ್ಣ ಬಾಲ ಮುರಿದು ಹೊರಗೆ ತೆಗೆಯಬೇಕು. ಎಂ-ಸೀಲ್ ತುಂಬಿ ಅದರಲ್ಲೇ ಥ್ರೆಡ್ ಮಾಡೋದು ಪೆಟ್ರೋಲ್ ತಾಗೋ ಜಾಗದಲ್ಲಿ ಬಾಳಿಕೆ ಬರಲ್ಲ.

ಸೈಡ್‌ಕವರ್

ಇದನ್ನ ಓದಿ ಬೇರೆ ಗಾಡಿಗೆ ಕೈ ಹಾಕೋರಿಗೆ ಒಂದು ಮಾತು. ಆರ್‌ಎಕ್ಸ್‌ನಲ್ಲಿ ಸ್ಲೈಡ್ ಇದೆ, ಬಚಾವ್. 2020ಕ್ಕಿಂತ ಮೊದಲಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಯ ಬಿಎಸ್29 ಥರದ ಸಿವಿ (ಇಂಜಿನ್ ಎಳೆತಕ್ಕೆ ಸ್ಲೈಡ್ ತಾನೇ ಏರಿಳಿಯೋ) ಕಾರ್ಬ್ಯುರೇಟರ್‌ನಲ್ಲಿ ಬಟರ್‌ಫ್ಲೈ ಪ್ಲೇಟ್ (ತಿರುಗಿ ದಾರಿ ತೆರೆಯೋ ತಟ್ಟೆ) ಇರುತ್ತೆ, ಅದನ್ನ ಶಾಫ್ಟ್‌ಗೆ ಎರಡು ಸಣ್ಣ ಸ್ಕ್ರೂ ಹಿಡಿದಿರುತ್ತೆ. ಬಿಚ್ಚಿಕೊಂಡು ಇಂಜಿನ್ ಒಳಗೆ ಬೀಳಬಾರದು ಅಂತ ಹಿಂಬದಿಯಲ್ಲಿ ಅವುಗಳ ತುದಿಯನ್ನ ಒತ್ತಿ ಅಗಲ ಮಾಡಿರುತ್ತಾರೆ. ಅದನ್ನ ನೋಡದೆ ತಿರುಗಿಸಿದ್ರೆ ಒಂದೋ ತಲೆ ಹೋಗುತ್ತೆ, ಇಲ್ಲಾ ಶಾಫ್ಟ್ ಥ್ರೆಡ್ ಹೋಗುತ್ತೆ. ಶಾಫ್ಟ್ ಸವೆದು ಏರ್ ಲೀಕ್ ಇಲ್ಲದಿದ್ರೆ ಅವನ್ನ ಮುಟ್ಟಲೇಬೇಡಿ. ಬಿಚ್ಚಲೇಬೇಕಾದ್ರೆ ಹಿಂದಿನ ಅಗಲ ತುದಿ ಅರದಿಂದ ಉಜ್ಜಿ, ವಾಪಸ್ ಹಾಕುವಾಗ ಹೊಸ ಸ್ಕ್ರೂ, ಲಾಕ್‌ಟೈಟ್ (ಥ್ರೆಡ್ ಅಂಟು), ಮತ್ತೆ ತುದಿ ಒತ್ತೋದು.

ಕಡಲ್ತೀರ_ಟೂಸ್ಟ್ರೋಕ್

ಜೆಟ್ ಬಂತು, ಗ್ರೈಂಡ್ ಮಾಡಿದ ಫ್ಲಾಟ್‌ಗೆ. ಹೊಸ ನೀಡಲ್, ಹೊಸ ಗ್ಯಾಸ್ಕೆಟ್, ನಾಲ್ಕು ಅಲೆನ್. ಓವರ್‌ಫ್ಲೋ ನಿಂತಿದೆ, ಆದ್ರೆ ಆ ಹಳೇ ಮೂರನೇ ಮೂಲೆಯಿಂದ ಸಣ್ಣಕ್ಕೆ ಒದ್ದೆ ಆಗ್ತದೆ. ಇನ್ನೂ ಬಿಗಿ ಮಾಡ್ಲಾ?

ಲೇತ್‌ಮನೆ

ಬೇಡ. ಬಿಗಿ ಮಾಡಿ ಮಾಡಿ ಕಿವಿಗಳು ಮೇಲಕ್ಕೆ ಬಾಗಿದ್ರೆ ನಡುವೆ ಸಂದಿ ಬರೋದು. ಬೌಲ್ ಬಿಚ್ಚಿ ಗ್ಯಾಸ್ಕೆಟ್ ತೆಗೆದು ಬೌಲ್‌ನ ಮುಖವನ್ನ ಕನ್ನಡಿ ಗಾಜಿನ ಮೇಲೆ ಬೋರಲಾಗಿ ಇಡಿ. ಮೂಲೆ ಒತ್ತಿದಾಗ ಟಕಟಕ ಅಂದ್ರೆ ಬಾಗಿದೆ. ಗಾಜಿನ ಮೇಲೆ 400 ನಂಬರ್ ವಾಟರ್ ಪೇಪರ್ ಅಂಟಿಸಿ, ಒಂದು ಹನಿ ಆಯಿಲ್ ಹಾಕಿ, ಎಂಟರ ಆಕಾರದಲ್ಲಿ ಉಜ್ಜಿ. ಮುಖ ಪೂರ್ತಿ ಒಂದೇ ಬಣ್ಣಕ್ಕೆ ಬಂದ ಕೂಡಲೇ ನಿಲ್ಲಿಸಿ. ಬಾಡಿ ಕಡೆ ಆ ತೂತಿನ ಬಾಯಿ ಸುತ್ತ ಲೋಹ ಉಬ್ಬಿದೆಯಾ ಬೆರಳಾಡಿಸಿ ನೋಡಿ. ಕಚ್ಚಿದ ಸ್ಕ್ರೂ ಎಳೆದಾಗ ಮೊದಲ ಥ್ರೆಡ್ ಮೇಲಕ್ಕೆ ಎದ್ದಿರುತ್ತೆ. ಆ ಉಬ್ಬನ್ನ ದೊಡ್ಡ ಡ್ರಿಲ್ ಬಿಟ್ ಕೈಯಲ್ಲಿ ಹಿಡಿದು ಎರಡು ಸುತ್ತು ತಿರುಗಿಸಿದ್ರೆ ಕೆರೆದು ಹೋಗುತ್ತೆ. ಪುಡಿ ಪೂರ್ತಿ ತೊಳೆದು, ಗಾಳಿ ಹೊಡೆದು, ಗ್ಯಾಸ್ಕೆಟ್ ಮತ್ತೆ ಹೊಸದು ಹಾಕಿ. ಪೆಟ್ರೋಲ್‌ನಲ್ಲಿ ನೆನೆದು ಉಬ್ಬಿದ್ದು ಎರಡನೇ ಸಲ ತನ್ನ ಜಾಗಕ್ಕೆ ಕೂರಲ್ಲ.